ಅಧಿಮಂಥವೂ ಗ್ಲಾಕೋಮವೂ: ಒಂದು ಪದವಿಚಾರ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳು ಹೇಳಲ್ಪಟ್ಟಿವೆ. ಅವುಗಳೊಳಗೆ ಸರ್ವಗತವೆಂದು ಪರಿಗಣಿತವಾದ ‘ಅಧಿಮಂಥ’ವನ್ನು ಪಾಶ್ಚಾತ್ಯ ವೈದ್ಯರ ‘ಗ್ಲಾಕೋಮ’ದೊಡನೆ ಏಕೀಕರಿಸುವುದು ಈಚಿನ ಆಯುರ್ವೇದ ಪಾಠಗ್ರಂಥಗಳ ರೂಢಿಯಾಗಿದೆ. ಈ ಸಮೀಕರಣವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದು ಪ್ರಕೃತ ವಿಚಾರ. ಬರಿಯ ಶಬ್ದದ ಮಾತಾಗಿದ್ದರೆ ಪಂಡಿತರ ಕಾಲಕ್ಷೇಪವೆಂದು ಬಿಡಬಹುದಾಗಿತ್ತು. ಇಲ್ಲಿಯಾದರೋ ಹೆಸರು ತಪ್ಪಿದರೆ ಕಣ್ಣೇ ಹೋಗುವ ಸಂಭವವುಂಟು.

ಸಾಮ್ಯವು ಉಂಟೆಂಬುದನ್ನು ಮೊದಲು ಒಪ್ಪಬೇಕು. ಕಣ್ಣನ್ನು ಕಿತ್ತಂತೆಯೂ ಕಡೆದಂತೆಯೂ ವೇದನೆ, ಅದರೊಡನೆ ಅರ್ಧಶಿರಸ್ಸಿನ ನೋವು ಎಂದು ಸುಶ್ರುತನು ಲಕ್ಷಣ ಹೇಳುವನು. ಮಿಥ್ಯಾಚಾರದಿಂದ ಕಫಜವು ಏಳು ರಾತ್ರಿಗಳಲ್ಲಿ, ವಾತಜವು ಆರರಲ್ಲಿ, ರಕ್ತಜವು ಐದರಲ್ಲಿ, ಪಿತ್ತಜವು ಒಡನೆಯೇ ದೃಷ್ಟಿಯನ್ನು ಕೆಡಿಸುವುದೆಂದು ಅವಧಿಯನ್ನೂ ಕೊಟ್ಟಿರುವನು. ಕೋನವು ಥಟ್ಟನೆ ಮುಚ್ಚಿಕೊಳ್ಳುವ ಗ್ಲಾಕೋಮವನ್ನು ಕಂಡವರಿಗೆ ಈ ವರ್ಣನೆಯು ಅಪರಿಚಿತವೆನಿಸದು.

ಭೇದವು ನಿದಾನದಲ್ಲಿ ತೋರುತ್ತದೆ. ಉಪೇಕ್ಷಿತವಾದ ಅಭಿಷ್ಯಂದವೇ, ಎಂದರೆ ಕಣ್ಣುಬೇನೆಯೇ, ಬಲಿತು ಅಧಿಮಂಥವಾಗುವುದೆಂಬುದು ಸಂಹಿತೆಯ ಮತ. ಕೋನಾವರೋಧವಾದರೋ ಕಣ್ಣುಬೇನೆಯಿಂದ ಹುಟ್ಟುವುದಲ್ಲ. ಪಾಪೆಯ ಸುತ್ತಣ ವರ್ಣಪಟಲವು ಮುಂದಕ್ಕೆ ಉಬ್ಬಿ, ಪಾರಪಟಲದ ಅಂಚಿನ ಕೋನವನ್ನು ಮುಚ್ಚಿ, ಕಣ್ಣೊಳಗಿನ ದ್ರವವು ಹೊರಹೋಗದಂತೆ ತಡೆಯುವುದು. ಅದರಿಂದ ಒತ್ತಡವು ಏರುವುದು. ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನೊಳಗೆ ಇರತಕ್ಕದ್ದು 50ನ್ನೂ ಮೀರಬಹುದು. ಮೇಲಾಗಿ ಅನೇಕರಲ್ಲಿ ಕೋನವು ನೋವಿಲ್ಲದೆ ಮೆಲ್ಲಮೆಲ್ಲನೆ ಮುಚ್ಚುವುದು; ಆ ಮೌನರೋಗಕ್ಕೆ ‘ಮಂಥ’ವೆಂಬ ಹೆಸರು ಹೇಗೆ ಹೊಂದೀತು? ಆದುದರಿಂದ ಅಧಿಮಂಥವು ಉಗ್ರಾವಸ್ಥೆಯ ಲಕ್ಷಣಸಮುಚ್ಚಯಕ್ಕೆ ಮಾತ್ರ ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ. ನೆರೆಯ ಮರಾಠಿಯ ‘ಕಾಚಬಿಂದು’ ಇನ್ನೂ ಅಸಮಂಜಸ. ಕಾಚಶಬ್ದವು ತಿಮಿರ–ಲಿಂಗನಾಶಗಳ ಪರಂಪರೆಗೆ ಸೇರಿದ್ದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯ ಆಡುಮಾತಿನಲ್ಲಿ ಕೆಂಪಾದ ಕಣ್ಣೆಲ್ಲವೂ ‘ಕಣ್ಣುಬ್ಯಾನಿ’, ತಲೆಯ ನೋವು ‘ತಲಿಶೂಲಿ’, ವಾಂತಿಯಾದರೆ ‘ಪಿತ್ತ’. ಮೂರೂ ಒಂದೇ ರೋಗದ ಅಂಗಗಳಾಗಿರುವಾಗ ಮೂರು ಹೆಸರುಗಳು ರೋಗಿಯನ್ನು ಮೂರು ಬಾಗಿಲುಗಳಿಗೆ ಕಳುಹಿಸುವುವು. ಇಳಕಲ್ಲಿನ ಕೈಮಗ್ಗದ ಮುಂದೆ ಕುಳಿತ ವೃದ್ಧೆಗೆ ಸಂಜೆಯ ಮಬ್ಬಿನಲ್ಲಿ ದೀಪದ ಸುತ್ತಲೂ ಬಣ್ಣದ ಬಳೆ ಕಂಡು, ಕಣ್ಣು ಮಂಜಾಗಿ, ಅದೇ ಪಕ್ಕದ ತಲೆ ಸಿಡಿದು ವಾಂತಿಯಾದರೆ ಅದು ಪಿತ್ತವಲ್ಲ. ಮಬ್ಬುಬೆಳಕಿನಲ್ಲಿ ಪಾಪೆ ಹಿಗ್ಗುವುದೇ ಕೋನಕ್ಕೆ ಕಂಟಕ. ನಲವತ್ತು ಮೀರಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದರ ಭಯ ಹೆಚ್ಚು. ಕಣ್ಣುಬೇನೆಯಲ್ಲಿ ಪಿಸರು ಕಟ್ಟುವುದು, ದೃಷ್ಟಿ ಅಷ್ಟಾಗಿ ಕುಂದದು, ಪಾಪೆ ಬೆಳಕಿಗೆ ಕುಗ್ಗುವುದು. ಇಲ್ಲಿ ಪಾಪೆಯು ಅರೆಹಿಗ್ಗಿ ಬೆಳಕಿಗೆ ಅಲುಗದೆ ನಿಲ್ಲುವುದು, ಪಾರಪಟಲ ಮಸುಕಾಗುವುದು, ಗುಡ್ಡೆಯು ಗಟ್ಟಿಯಾಗುವುದು. ನಿಶ್ಚಯವು ಮಾತ್ರ ಒತ್ತಡಮಾಪಕದಿಂದಲೂ, ಕೋನವನ್ನು ಕಾಣಿಸುವ ಗೋನಿಯೋಸ್ಕೋಪಿನಿಂದಲೂ ಆಗತಕ್ಕದ್ದು. ಆ ಉಪಕರಣದ ಬಲದಿಂದ 1938ರಲ್ಲಿ ಬಾರ್ಕನ್ನನು ತೆರೆದ ಕೋನ, ಮುಚ್ಚುವ ಕೋನವೆಂದು ವಿಭಾಗಿಸುವವರೆಗೆ ಪಾಶ್ಚಾತ್ಯರಲ್ಲಿಯೂ ಈ ವಿವೇಕ ಸ್ಪಷ್ಟವಾಗಿರಲಿಲ್ಲ. ವರ್ಣಪಟಲವನ್ನು ಛೇದಿಸುವ ಗ್ರೇಫನ ಚಿಕಿತ್ಸೆಯಾದರೋ 1857ರಷ್ಟು ಹಿಂದಿನದು.

ಇನ್ನೊಂದು ತೊಡಕೂ ಈ ಸೀಮೆಯದೇ. ಬೀಳಗಿಯಲ್ಲಿ ಹುಟ್ಟಿ 1968ರಲ್ಲಿ ಪದ್ಮಭೂಷಣರಾದ ಡಾಕ್ಟರ್ ಎಂ. ಸಿ. ಮೋದಿಯವರ ನೇತ್ರಶಿಬಿರಗಳಿಂದ, ಪೊರೆ ತೆಗೆದರೆ ಕಣ್ಣು ಬರುವುದೆಂಬ ನಂಬುಗೆ ಜನರಲ್ಲಿ ಬೇರೂರಿತು. ಪೊರೆಯ ವಿಷಯದಲ್ಲಿ ಅದು ಯಥಾರ್ಥ. ಪೊರೆ ಮಾಗಲೆಂದು ಕಾಯುವವರಲ್ಲಿ ಮಸೂರವು ಉಬ್ಬಿ ಕೋನವನ್ನೇ ಮುಚ್ಚುವುದುಂಟು. ಗ್ಲಾಕೋಮದಿಂದ ಕೆಟ್ಟ ದೃಷ್ಟಿನಾಡಿಯಾದರೋ ಯಾವ ಶಸ್ತ್ರಕ್ಕೂ ಮರಳದು. ಕೋನ ಕಿರಿದಾದವರ ಕಣ್ಣಿಗೆ ದತ್ತೂರದ ರಸ ತಾಗಿದರೂ ಪಾಪೆ ಹಿಗ್ಗಿ ಅಪಾಯ. ಒಂದು ಕಣ್ಣಿಗೆ ಬಂದಲ್ಲಿ ಮತ್ತೊಂದಕ್ಕೂ ಲೇಸರಿನಿಂದ ಮೊದಲೇ ರಂಧ್ರ ಮಾಡುವುದು ಈಗಿನ ಕ್ರಮ.

ಹೀಗಿರುವಲ್ಲಿ ರೋಗಕ್ಕೆ ‘ಕೋನಾವರೋಧ’ವೆಂಬ ಹೆಸರನ್ನೂ, ಅದರ ಉಗ್ರಾವಸ್ಥೆಗೆ ಮಾತ್ರ ‘ಅಧಿಮಂಥ’ವೆಂಬುದನ್ನೂ ಕೋಶಕಾರರು ಇರಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.