ಅಮಲಿನ ನೆಪ, ಮೊದಲ ತಪ್ಪಿನ ವಾದ

‘ಕುಡಿದಿದ್ದೆ ಸ್ವಾಮಿ, ಏನು ಮಾಡ್ತಿದ್ದೀನಿ ಅಂತ ಗೊತ್ತಾಗಲಿಲ್ಲ.’ ಪೊಲೀಸರ ಮುಂದೆ ಇದು ಬಾಯಿಗೆ ಬರುವುದು ಸಹಜ. ಆದರೆ ಕೋರ್ಟಿನಲ್ಲೂ ಇದನ್ನೇ ವಾದವಾಗಿ ಹೂಡುವ ವಕೀಲರಿದ್ದಾರಲ್ಲ, ಅವರ ಬಗ್ಗೆ ನನಗೆ ತಕರಾರಿದೆ.

ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂ ಅಮಲಿಗೆ ಮಾಫಿ ಕೊಡುವುದು ನಿಜ. ಆದರೆ ಆ ಅಮಲು ಬಲವಂತದಿಂದಲೋ ಗೊತ್ತಿಲ್ಲದಂತೆಯೋ ಏರಿಸಿದ್ದಾಗಿರಬೇಕು. ತಾನೇನು ಮಾಡುತ್ತಿದ್ದೇನೆಂಬ ಅರಿವೂ ಹೋಗಿರಬೇಕು. ತಾನಾಗಿ ಗ್ಲಾಸು ಎತ್ತಿದವನಿಗೆ ಅದು ದಕ್ಕುವುದಿಲ್ಲ. ಅಂಥವನಿಗೆ ಕುಡಿಯದಿದ್ದಾಗ ಇರುತ್ತಿದ್ದ ತಿಳಿವಳಿಕೆಯೇ ಇತ್ತೆಂದು ಭಾವಿಸಬೇಕು ಎನ್ನುತ್ತದೆ 24ನೇ ಕಲಂ. ಇಲ್ಲೊಂದು ಬಿರುಕಿದೆ. ಕಲಮಿನ ಮೊದಲರ್ಧ ತಿಳಿವಳಿಕೆ, ಉದ್ದೇಶ ಎರಡನ್ನೂ ಹೆಸರಿಸುತ್ತದೆ. ಉಳಿದರ್ಧದಲ್ಲಿ ಉದ್ದೇಶ ಮಾಯ. 1860ರ ದಂಡ ಸಂಹಿತೆಯಿಂದ ಬಂದ ಈ ಬಿರುಕನ್ನು 2023ರಲ್ಲಿ ಹೊಸ ಕಾನೂನು ಬರೆದವರು ಮುಚ್ಚುವ ಗೋಜಿಗೇ ಹೋಗಲಿಲ್ಲ.

ಅದಕ್ಕೇ ವಕೀಲರು ಇವತ್ತಿಗೂ 1956ರ ಬಾಸುದೇವ್ ಪ್ರಕರಣದ ತೀರ್ಪನ್ನು ತೆರೆಯುತ್ತಾರೆ. ನಿವೃತ್ತ ಮಿಲಿಟರಿ ಜಮಾದಾರನೊಬ್ಬ ಮದುವೆಯ ಊಟಕ್ಕೆ ಹೋಗಿ, ಕುಡಿದ ಮತ್ತಿನಲ್ಲಿ, ಸ್ವಲ್ಪ ಸರಿದು ಕೂರು ಎಂದು ಹುಡುಗನೊಬ್ಬನಿಗೆ ಹೇಳಿದ. ಹುಡುಗ ಸರಿಯಲಿಲ್ಲ. ಪಿಸ್ತೂಲು ತೆಗೆದು ಹೊಟ್ಟೆಗೇ ಹೊಡೆದ. ಕೊಲ್ಲುವ ಉದ್ದೇಶವಿರಲಿಲ್ಲ, ಕೊಲೆಯ ಆರೋಪವನ್ನು ಇಳಿಸಿ ಎಂಬುದು ಅವನ ಪರ ವಾದ. ತಿಳಿವಳಿಕೆಯನ್ನು ಕಾನೂನೇ ಆರೋಪಿಸುತ್ತದೆ, ಉದ್ದೇಶವನ್ನು ಮಾತ್ರ ಸಂದರ್ಭದಿಂದ, ಅಮಲಿನ ಪ್ರಮಾಣದಿಂದ ಅಳೆಯಬೇಕು ಎಂದಿತು ಸುಪ್ರೀಂ ಕೋರ್ಟು. ಅಳೆಯಿತು ಕೂಡ: ಅವನು ಆಗಾಗ ತೂರಾಡುತ್ತಿದ್ದ, ನಿಜ, ಆದರೆ ತಾನೇ ನಡೆದು ಬಂದಿದ್ದ, ತನಗೆ ಬೇಕಾದ ಜಾಗ ಆರಿಸಿಕೊಂಡಿದ್ದ, ಗುಂಡು ಹಾರಿಸಿ ಓಡಲು ನೋಡಿದ, ಸಿಕ್ಕಿಬಿದ್ದ ಮೇಲೆ ಕ್ಷಮೆ ಕೇಳಿದ. ಜೀವಾವಧಿ ಶಿಕ್ಷೆ ಉಳಿಯಿತು. ಆ ಕ್ಷಮಾಯಾಚನೆಯೂ ಬುದ್ಧಿ ನೆಟ್ಟಗಿತ್ತೆಂಬುದಕ್ಕೆ ಸಾಕ್ಷಿಯಾದದ್ದನ್ನು ಗಮನಿಸಬೇಕು. ತೀರ್ಪು ನನಗೆ ಸರಿಯೆನಿಸುತ್ತದೆ. ಅದು ತೆರೆದಿಟ್ಟ ಕಿಂಡಿಯಲ್ಲಿ ಬಾರ್ ಜಗಳದ ಕೇಸನ್ನೂ ತೂರಿಸಲು ಹೋಗುವವರದ್ದು ಬರೀ ಹುಂಬತನ.

ಮೊದಲ ಸಲ ತಪ್ಪು ಮಾಡಿದವನಿಗೆ ನಿಜವಾದ ಆಸರೆ ಬೇರೆ ಕಡೆ ಇದೆ. ಮೊದಲನೆಯದು ಪುರಾವೆ. ಬಾಯಿ ವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದ ಎಂದು ತೀರ್ಮಾನಿಸಲಾಗದು ಎಂದು 1971ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎರಡನೆಯದು ರಾಜಿ: ಸಣ್ಣ ಹೊಡೆದಾಟ, ಖಾಸಗಿಯವರ ಆಸ್ತಿಗೆ ಆದ ನಷ್ಟ ಇವು ರಾಜಿಯಾಗಬಲ್ಲ ಅಪರಾಧಗಳು. ಒಡೆದ ಗಾಜಿನ ದುಡ್ಡು ಕೊಟ್ಟು ಅಂಗಡಿಯವನ ಒಪ್ಪಿಗೆ ಪಡೆಯುವುದು ಯಾವ ವಾದಕ್ಕಿಂತಲೂ ಮೇಲು. ಮೂರನೆಯದು, ನಮ್ಮಲ್ಲಿ ತೀರಾ ಕಡೆಗಣಿಸಿದ್ದು, 1958ರ ಪ್ರೊಬೇಷನ್ ಕಾಯ್ದೆ. ಜೈಲಿನ ಬದಲು ಎಚ್ಚರಿಕೆ ಕೊಟ್ಟೋ ಸನ್ನಡತೆಯ ಬಾಂಡ್ ಬರೆಸಿಕೊಂಡೋ ಬಿಡಬಹುದು. ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟದು ಎಂದು 12ನೇ ಕಲಂ ಹೇಳುತ್ತದೆ. ಪ್ರೊಬೇಷನ್ ಕೊಡಬಹುದಾಗಿದ್ದೂ ಕೊಡದಿದ್ದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆಯಲೇಬೇಕು. ಕೇಳದ ವಕೀಲ ಮತ್ತು ಬರೆಯದ ಕೋರ್ಟು, ಇಬ್ಬರ ಉದಾಸೀನದಲ್ಲಿ ಕಾಯ್ದೆ ಮೂಲೆಗೆ ಬಿದ್ದಿದೆ.

ಡ್ರಂಕ್ ಅಂಡ್ ಡ್ರೈವ್ ಕೇಸುಗಳಲ್ಲಂತೂ ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬನ್ನಿ’ ಎಂಬುದೇ ಮಾಮೂಲು ಸಲಹೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. ದಂಡ ಕಟ್ಟಿದವನು ಕೇಸು ಮುಗಿಯಿತೆಂದುಕೊಳ್ಳುತ್ತಾನೆ. ಕಡತದಲ್ಲಿ ಅವನು ಅಪರಾಧಿ. ಮತ್ತೆ ಸಿಕ್ಕಿಬಿದ್ದರೆ ಜೈಲು 2 ವರ್ಷದವರೆಗೂ ಹೋಗಬಹುದು. ಇನ್ನು ಜೀವ ಹೋದ ಪ್ರಕರಣದಲ್ಲಿ ಪ್ರೊಬೇಷನ್ನಿನ ಆಸೆ ಬೇಡ. ಬೇಜವಾಬ್ದಾರಿ ಚಾಲನೆಯಿಂದ ಸಾವು ತಂದವರಿಗೆ ಅದು ಸಲ್ಲದು ಎಂದು 2000ದಲ್ಲಿ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದೂ ಸರಿಯೇ.

ವಕಾಲತ್ತಿಗೆ ಸಹಿ ಹಾಕುವ ಮುನ್ನ ಪ್ರೊಬೇಷನ್ ಕೇಳುತ್ತೀರಾ ಎಂದು ವಕೀಲರನ್ನು ವಿಚಾರಿಸಿ. ವಕೀಲರ ಫೀಸಿಗೆ ದುಡ್ಡಿಲ್ಲವೆ? ಬಂಧನದಲ್ಲಿರುವ ಯಾರೇ ಆಗಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಲು ಹಕ್ಕುಳ್ಳವರು.