ಒಬ್ಬರೇ ವ್ಯಕ್ತಿ, ಎರಡು ಹೆಸರು: ‘ಅನಂತ ಘನತೆ’ಯ ಒಂದು ವಿಮರ್ಶಾತ್ಮಕ ಓದು

ಜ್ಞಾನಸ್ನಾನದ ವಿಧಿಯಲ್ಲಿ ನೀರಿಗಿಂತ ಮೊದಲು ಹೆಸರು ಬರುತ್ತದೆ. ದೇವಾಲಯದ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತ ತಂದೆತಾಯಿಗಳನ್ನು ಗುರುವು ಮೊದಲು ಕೇಳುವುದು ಮಗುವಿನ ಹೆಸರನ್ನು. ಆ ಹೆಸರು ಹಿಡಿದೇ ತ್ರಿಯೇಕ ದೇವರ ನಾಮದಲ್ಲಿ ನೀರೆರೆಯುತ್ತೇವೆ, ಅದನ್ನೇ ಧರ್ಮಕೇಂದ್ರದ ದಫ್ತರದಲ್ಲಿ ಬರೆದಿಡುತ್ತೇವೆ, ಕಡೆಗೆ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಅದನ್ನೇ ಉಚ್ಚರಿಸಿ ಆ ಆತ್ಮವನ್ನು ದೇವರಿಗೆ ಒಪ್ಪಿಸುತ್ತೇವೆ.

ಕೆಲವು ವರ್ಷಗಳ ಹಿಂದೆ, ನಾವು ಪಾಲನಾ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದ ಕಚೇರಿಗೆ ಒಬ್ಬರು ಬಂದರು. ಗಂಡುಮಗುವಿನ ಹೆಸರಿನಲ್ಲಿ ಜ್ಞಾನಸ್ನಾನ ಪಡೆದಿದ್ದ ಅವರು ಈಗ ಹೆಣ್ಣಾಗಿ ಬಾಳುತ್ತಿದ್ದರು. ಸರ್ಕಾರಿ ದಾಖಲೆಗಳಲ್ಲಿ ಹೆಸರು ಬದಲಾಗಿತ್ತು. ದಫ್ತರದಲ್ಲಿರುವ ವ್ಯಕ್ತಿಯೂ ತಾವೂ ಒಬ್ಬರೇ ಎಂದು ಒಂದು ಪತ್ರ ಬೇಕಿತ್ತು. ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದೆವು. ಅವರು ಹೊರಡುವ ಮುನ್ನ, “ಫಾದರ್, ನಾಳೆ ನಾನು ಸತ್ತರೆ ಯಾವ ಹೆಸರು ಹೇಳಿ ಪೂಜೆ ಮಾಡ್ತೀರಿ?” ಎಂದು ಕೇಳಿದರು. ನಾವು ಉತ್ತರಿಸಲಿಲ್ಲ. ದಫ್ತರವನ್ನು ಮುಚ್ಚಿ ಕಪಾಟಿನಲ್ಲಿಟ್ಟೆವು. ಅವರು ಮತ್ತೆ ಬರಲಿಲ್ಲ.

ಅಂದಿನ ಮೌನಕ್ಕೆ ದೈವಶಾಸ್ತ್ರದ ಆಧಾರವಿದೆ ಎಂದೇ ನಾವು ಭಾವಿಸಿದ್ದೆವು. 2024ರ ಏಪ್ರಿಲ್ 8ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗವು ‘ದಿಗ್ನಿತಾಸ್ ಇನ್ಫಿನಿತಾ’ ಅಂದರೆ ‘ಅನಂತ ಘನತೆ’ ಎಂಬ ಘೋಷಣೆಯನ್ನು ಪ್ರಕಟಿಸಿದಾಗ ಆ ಆಧಾರ ಇನ್ನಷ್ಟು ಗಟ್ಟಿಯಾಯಿತು ಎಂದುಕೊಂಡ ಗುರುಗಳು ಹಲವರು. ಘೋಷಣೆಯನ್ನು ಮತ್ತೆ ಮತ್ತೆ ಓದಿದ ಮೇಲೆ ನಮಗೆ ಹಾಗೆ ಅನ್ನಿಸುತ್ತಿಲ್ಲ. ಕಾರಣಗಳನ್ನು ಇಲ್ಲಿ ಪರಿಶೀಲನೆಗೆ ಇಡುತ್ತಿದ್ದೇವೆ.

ಕಾನೂನಿನ ದಾರಿ, ದಾರಿಯ ಅಂಜಿಕೆ

ಹೆಸರು ಬದಲಾವಣೆ ಎಂದರೇನೆಂದು ಮೊದಲು ತಿಳಿಯಬೇಕು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ‘ನಾಲ್ಸಾ’ ಪ್ರಕರಣದ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮಾನ್ಯ ಮಾಡಿತು. ಸಂಸತ್ತು 2019ರಲ್ಲಿ ಅಂಗೀಕರಿಸಿದ ಕಾಯ್ದೆ 2020ರ ಜನವರಿ 10ರಂದು ಜಾರಿಗೆ ಬಂತು. ಅದು ಮೊದಲು ರೂಪಿಸಿದ ವ್ಯವಸ್ಥೆಯಲ್ಲಿ ಅರ್ಜಿದಾರರು ಪ್ರಮಾಣಪತ್ರದೊಂದಿಗೆ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಿ ಗುರುತಿನ ಪತ್ರ ಪಡೆಯುತ್ತಿದ್ದರು. ಆ ಪತ್ರದ ಬಲದಿಂದ ಜನನ ಪ್ರಮಾಣಪತ್ರದಲ್ಲಿಯೂ ಇತರ ದಾಖಲೆಗಳಲ್ಲಿಯೂ ತಮ್ಮ ಹೆಸರನ್ನು ಬದಲಿಸಿಕೊಳ್ಳಲು ಅರ್ಹರಾಗುತ್ತಿದ್ದರು. ಶಸ್ತ್ರಚಿಕಿತ್ಸೆಯ ನಂತರ ಗಂಡು ಅಥವಾ ಹೆಣ್ಣು ಎಂದು ದಾಖಲಿಸಿಕೊಳ್ಳಲು ಬೇರೆ ಅರ್ಜಿಯಿತ್ತು, ಅದಕ್ಕೆ ವೈದ್ಯಕೀಯ ಪತ್ರ ಬೇಕಿತ್ತು.

ಕಾಗದದ ಮೇಲೆ ಆ ದಾರಿ ನೇರವಾಗಿತ್ತು. ನಡೆಯುವವರಿಗೆ ಹಾಗಿರಲಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಎಂದಾದಾಗ ಪ್ರತಿಯೊಂದು ಕಿಟಕಿಯ ಮುಂದೆಯೂ ತಮ್ಮ ದೇಹದ ಕತೆಯನ್ನು ಅಪರಿಚಿತರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಹೆಸರು ಬದಲಾವಣೆಯ ಸಾಮಾನ್ಯ ಪದ್ಧತಿಯಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಹಳೆಯ ಹೆಸರೂ ಹೊಸ ಹೆಸರೂ ಊರಿನ ಬಾಯಿಗೆ ಬೀಳುತ್ತವೆ. ಬಾಡಿಗೆ ಮನೆಯ ಮಾಲೀಕರಿಗೆ ತಿಳಿದೀತೇ, ಕೆಲಸ ಹೋದೀತೇ, ತಂದೆಯ ಆಸ್ತಿಯ ಪಾಲಿಗೆ ಅಣ್ಣತಮ್ಮಂದಿರು ಈ ಹೆಸರನ್ನೇ ಅಡ್ಡಿಯಾಗಿಸಿಯಾರೇ ಎಂಬ ಅಂಜಿಕೆಗಳು ಒಂದರ ಹಿಂದೆ ಒಂದು ಬರುತ್ತವೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇಂಥದೊಂದು ಅರ್ಜಿಯನ್ನು ವಿಚಾರಿಸಿತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಕ್ಕ ತಿದ್ದುಪಡಿಯಾಗುವವರೆಗೆ, ಹಿಂದಿನ ಮತ್ತು ಈಗಿನ ಹೆಸರು ಹಾಗೂ ಲಿಂಗಗಳೆರಡನ್ನೂ ತೋರಿಸುವ ಪ್ರಮಾಣಪತ್ರ ನೀಡಬೇಕೆಂದು ಅದು ಆದೇಶಿಸಿತು. ಬಾಗಿಲು ತೆರೆಯಿತು, ನಿಜ. ಆದರೆ ಆ ಪತ್ರವನ್ನು ತೋರಿಸಿದ ಕಡೆಯಲ್ಲೆಲ್ಲ ಹಳೆಯ ಹೆಸರೂ ಜೊತೆಗೆ ಬರುತ್ತದೆ.

ಇಷ್ಟೆಲ್ಲ ದಾಟಿ ಬಂದ ವ್ಯಕ್ತಿಗೆ ಧರ್ಮಕೇಂದ್ರದ ಮೇಜು ಕಡೆಯ ಕಿಟಕಿ.

ಘೋಷಣೆ ಹೇಳಿದ್ದು, ಹೇಳದೆ ಬಿಟ್ಟದ್ದು

‘ಅನಂತ ಘನತೆ’ಯ ಮೊದಲ ಭಾಗ ನಮ್ಮ ಕಾಲದ ಶ್ರೇಷ್ಠ ದೈವಶಾಸ್ತ್ರೀಯ ಬರಹಗಳ ಸಾಲಿಗೆ ಸೇರುವಂಥದು. ಘನತೆಯಲ್ಲಿ ನಾಲ್ಕು ಬಗೆಗಳನ್ನು ಅದು ಗುರುತಿಸುತ್ತದೆ. ದೇವರು ಸೃಷ್ಟಿಸಿ ಪ್ರೀತಿಸಿದ ಕಾರಣಕ್ಕೆ ಮನುಷ್ಯನಿಗೆ ಸಲ್ಲುವ, ಎಂದೂ ಕಳೆಯಲಾಗದ ಅಸ್ತಿತ್ವದ ಘನತೆ ಒಂದು. ನಡತೆಗೆ ಸಂಬಂಧಿಸಿದ ನೈತಿಕ ಘನತೆ ಎರಡನೆಯದು. ಬದುಕುವ ಪರಿಸ್ಥಿತಿಗೆ ಸಂಬಂಧಿಸಿದ ಸಾಮಾಜಿಕ ಘನತೆ ಮೂರನೆಯದು. ನೆಮ್ಮದಿ, ಭರವಸೆಗಳೊಂದಿಗೆ ಬಾಳುವ ಒಳಗಿನ ಶಕ್ತಿಗೆ ಸಂಬಂಧಿಸಿದ ಬಾಳಿನ ಘನತೆ ನಾಲ್ಕನೆಯದು. ಈ ಬುನಾದಿಯ ಮೇಲೆ ಘೋಷಣೆಯು ಬಡತನ, ಯುದ್ಧ, ವಲಸಿಗರ ಸಂಕಟ, ಮಾನವ ಸಾಗಣೆ ಮುಂತಾದ ಹದಿಮೂರು ಉಲ್ಲಂಘನೆಗಳನ್ನು ಪರಿಶೀಲಿಸುತ್ತದೆ. ಲಿಂಗತ್ವ ಸಿದ್ಧಾಂತ ಮತ್ತು ಲಿಂಗ ಪರಿವರ್ತನೆ ಇವುಗಳಲ್ಲಿ ಎರಡು.

ಆ ಎರಡರ ಕುರಿತ 55ರಿಂದ 60ರವರೆಗಿನ ಪರಿಚ್ಛೇದಗಳ ವಾದ ಸ್ಪಷ್ಟವಾಗಿದೆ. ಯಾರನ್ನೂ ಅನ್ಯಾಯದ ತಾರತಮ್ಯಕ್ಕೆ ಒಳಪಡಿಸಬಾರದು. ಆದರೆ ಬದುಕು ವರದಾನವಾದ್ದರಿಂದ ಮನುಷ್ಯನು ತನ್ನನ್ನು ತಾನೇ ಸೃಷ್ಟಿಸಿಕೊಳ್ಳಲು ಹೊರಡುವುದು ದೇವರಾಗಬೇಕೆಂಬ ಹಳೆಯ ಪ್ರಲೋಭನೆಗೆ ಮಣಿದಂತೆ. ದೇಹವು ಆತ್ಮದ ಹೊದಿಕೆ ಮಾತ್ರವಲ್ಲ, ನಾವು ಬಯಸಿದಂತೆ ತಿದ್ದುವ ಕಚ್ಚಾವಸ್ತುವೂ ಅಲ್ಲ. ಈ ಬೋಧನೆಯನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಅದನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ.

ನಮ್ಮ ಆಕ್ಷೇಪ ಬೇರೆ. ನಾಲ್ಕು ಬಗೆಯ ಘನತೆಯನ್ನು ಅಷ್ಟು ಜತನದಿಂದ ವಿಂಗಡಿಸಿದ ಘೋಷಣೆಯು ಈ ಪರಿಚ್ಛೇದಗಳಿಗೆ ಬಂದಾಗ ಮುಖ್ಯವಾಗಿ ಅಸ್ತಿತ್ವದ ಘನತೆಯ ಮಟ್ಟದಲ್ಲೇ ಮಾತಾಡುತ್ತದೆ. ಬಡವರ ಬಗೆಗೆ ಹೇಳುವಾಗ ಸಾಮಾಜಿಕ ಘನತೆ ಅದರ ಕಣ್ಣೆದುರಿಗಿದೆ. ಬಾಡಿಗೆ ಮನೆ ಸಿಗದ, ಊರು ಬಿಟ್ಟ, ಹೆಸರು ಕರೆಸಿಕೊಳ್ಳಲು ಹೆದರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಸಾಮಾಜಿಕ ಘನತೆಯ ಪ್ರಶ್ನೆಯನ್ನು ಅದು ತಾರತಮ್ಯ ಸಲ್ಲದೆಂಬ ಮಾತಿನಲ್ಲಿ ಮುಗಿಸುತ್ತದೆ. ಸಿದ್ಧಾಂತವೊಂದಕ್ಕೆ ಉತ್ತರ ಕೊಡುವ ಭರದಲ್ಲಿ ಎದುರಿಗೆ ನಿಂತ ವ್ಯಕ್ತಿ ಮರೆಯಾಗುತ್ತಾರೆ. ಹೆಸರಿನ ಬಗೆಗೆ ಈ ಪರಿಚ್ಛೇದಗಳು ಏನನ್ನೂ ಹೇಳಿಲ್ಲ. ಮೌನವಿರುವ ಕಡೆ ನಿಷೇಧವನ್ನು ಓದಿಕೊಂಡವರು ನಾವು, ಕಚೇರಿಯ ಮೇಜಿನ ಈಚೆ ಕುಳಿತ ಗುರುಗಳು.

ಇದೇ ವಿಭಾಗವು 2023ರ ಅಕ್ಟೋಬರ್ 31ರಂದು, ಪೋಪ್ ಫ್ರಾನ್ಸಿಸ್‌ರವರ ಅನುಮೋದನೆಯೊಂದಿಗೆ, ಬ್ರೆಜಿಲ್‌ನ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಇದರ ಜೊತೆಗಿಟ್ಟು ಓದಬೇಕು. ಹಾರ್ಮೋನ್ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆ ಪಡೆದ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ, ವಿಶ್ವಾಸಿಗಳಲ್ಲಿ ಹಗರಣಕ್ಕೆ ಎಡೆಯಿಲ್ಲದಿದ್ದರೆ, ಇತರರಂತೆಯೇ ಜ್ಞಾನಸ್ನಾನ ಪಡೆಯಬಹುದು, ವಿವಾಹಕ್ಕೆ ಸಾಕ್ಷಿಯಾಗಬಹುದು ಎಂದು ಅದು ಹೇಳಿತು. ಅಲ್ಲಿಯೂ ಹೆಸರಿನ ಪ್ರಶ್ನೆ ಎದುರಾಗಿರಲಿಲ್ಲ. ಆದರೆ ಜ್ಞಾನಸ್ನಾನದ ತೊಟ್ಟಿಗೂ ವಿವಾಹದ ಪೀಠಕ್ಕೂ ಬರಬಹುದಾದ ವ್ಯಕ್ತಿಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯಿಂದ ಯಾವ ಗುರುವೂ ತಪ್ಪಿಸಿಕೊಳ್ಳಲಾರರು.

ಹೆಸರು: ಸೃಷ್ಟಿಯೋ, ಸ್ವೀಕಾರವೋ?

ಹೊಸ ಹೆಸರು ಕೇಳುವುದೇ ಸ್ವಯಂಸೃಷ್ಟಿಯ ಅಹಂಕಾರವಲ್ಲವೇ ಎಂಬುದು ಬಲವಾದ ಆಕ್ಷೇಪ. ಬೈಬಲ್ಲಿನಲ್ಲಿ ಅಬ್ರಾಮನನ್ನು ಅಬ್ರಹಾಮನನ್ನಾಗಿಸಿದವರು ದೇವರು. ಯಬ್ಬೋಕ್ ಹೊಳೆಯ ದಡದಲ್ಲಿ ಯಕೋಬನಿಗೆ ಹೊಸ ಹೆಸರು ಸಿಕ್ಕಿದ್ದು ಹೋರಾಟದ ರಾತ್ರಿಯ ಕೊನೆಗೆ, ಕುಂಟುವ ಕಾಲಿನೊಂದಿಗೆ. ಸಿಮೋನನನ್ನು ಪೇತ್ರನೆಂದು ಕರೆದವರು ಪ್ರಭು ಯೇಸು. ಇವರಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಆರಿಸಿಕೊಳ್ಳಲಿಲ್ಲ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬದುಕನ್ನು ಅವರ ಮಾತಿನಲ್ಲೇ ಓದಿದವರಿಗೆ ‘ತಾನೇ ಆರಿಸಿಕೊಂಡ ಹೆಸರು’ ಎಂಬ ವಿವರಣೆ ಸಾಲದೆನಿಸುತ್ತದೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಕುಟುಂಬದಲ್ಲಿ ದೊರೈಸ್ವಾಮಿಯಾಗಿ ಹುಟ್ಟಿದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದು ರಂಗರೂಪವಾಗಿಯೂ ಕರ್ನಾಟಕದಲ್ಲಿ ಸಂಚರಿಸಿತು. ರೇವತಿ ಎಂಬ ಹೆಸರು ಗುರು ಮತ್ತು ಚೇಲಾಗಳ ಸಂಬಂಧಗಳ ನಡುವೆ, ಬೈಯುವ, ಕಾಯುವ, ಉಣಿಸುವ ಜನರ ನಡುವೆ ಬಾಳಿದ ಹೆಸರು. ಬಳ್ಳಾರಿ ಜಿಲ್ಲೆಯ ಮಂಜುನಾಥ ಶೆಟ್ಟಿ, ಜೋಗತಿ ಪರಂಪರೆಗೆ ಸಲ್ಲುವ ಮೂಲಕ ಮಂಜಮ್ಮ ಜೋಗತಿಯಾದರು. ಅವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂದು ನಿರೂಪಿಸಿದ್ದಾರೆ. ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಆ ಪರಂಪರೆಯ ಧಾರ್ಮಿಕ ನೆಲೆ ನಮ್ಮದಲ್ಲ. ಆದರೆ ಆ ಹೆಸರನ್ನು ಸ್ವಚ್ಛಂದತೆಯ ಫಲವೆಂದು ಓದುವುದು ತಪ್ಪು ಓದು. ಹೆಸರು ಎಂಬುದು ಯಾವಾಗಲೂ ಮತ್ತೊಬ್ಬರ ಬಾಯಿಂದ ಕೇಳಿಸಿಕೊಳ್ಳಬೇಕಾದದ್ದು. ಯಾರೂ ಕರೆಯದ ಹೆಸರು ಹೆಸರೇ ಅಲ್ಲ. ಆದ್ದರಿಂದ ಹೊಸ ಹೆಸರಿನೊಂದಿಗೆ ನಮ್ಮ ಮುಂದೆ ನಿಂತ ವ್ಯಕ್ತಿ ತಾನೇ ಸಾಕೆಂಬ ಘೋಷಣೆ ಮಾಡುತ್ತಿಲ್ಲ. ಕರೆಯಿರಿ ಎಂದು ಬೇಡುತ್ತಿದ್ದಾರೆ.

ಹಾಗೆ ಬೇಡಿದವರೊಬ್ಬರು ಪವಿತ್ರ ಗ್ರಂಥದಲ್ಲಿಯೇ ಇದ್ದಾರೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಬೆತ್ಲೆಹೇಮಿಗೆ ಮರಳಿದ ನವೊಮಿ, ತನ್ನನ್ನು ಮಾರಾ ಎಂದು ಕರೆಯಬೇಕೆಂದು ಕೇಳಿಕೊಂಡಳು. ರೂತಳ ಗ್ರಂಥ ಅವಳನ್ನು ಮುಂದೆಯೂ ನವೊಮಿ ಎಂದೇ ಕರೆಯುತ್ತದೆ, ಆದ್ದರಿಂದ ಈ ಪ್ರಸಂಗವನ್ನು ನಮ್ಮ ವಾದಕ್ಕೆ ಸುಲಭವಾಗಿ ಬಳಸಿಕೊಳ್ಳುವಂತಿಲ್ಲ. ಆದರೆ ಅವಳ ಬೇಡಿಕೆಯನ್ನು ಗ್ರಂಥಕರ್ತ ಅಳಿಸಿಲ್ಲ, ಊರಿನ ಹೆಂಗಸರಲ್ಲಿ ಯಾರೂ ಅವಳನ್ನು ಗದರಿಸಿದಂತೆ ಬರೆದಿಲ್ಲ.

ಯೆಶಾಯನ ಗ್ರಂಥದ 56ನೆಯ ಅಧ್ಯಾಯದಲ್ಲಿ ದೇವರು ನಪುಂಸಕರಿಗೆ ಗಂಡುಹೆಣ್ಣು ಮಕ್ಕಳಿಗಿಂತ ಮಿಗಿಲಾದ, ಅಳಿಯದ ಹೆಸರೊಂದನ್ನು ತಮ್ಮ ಆಲಯದಲ್ಲೇ ಕೊಡುವುದಾಗಿ ವಾಗ್ದಾನ ಮಾಡುತ್ತಾರೆ. ಅಂದಿನ ನಪುಂಸಕರೂ ಇಂದಿನ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಒಂದೇ ಅಲ್ಲ. ಆದರೆ ಸಭೆಯ ಹೊರಗೆ ನಿಲ್ಲಿಸಲ್ಪಟ್ಟವರಿಗೆ ದೇವರು ಕೊಡುವ ಮೊದಲ ವರ ಹೆಸರು ಎಂಬುದನ್ನು ನಾವು ಗಮನಿಸಬೇಕು. ಅದೇ ಪ್ರವಾದಿಯ ಗ್ರಂಥವನ್ನು ಓದುತ್ತ ರಥದಲ್ಲಿ ಕುಳಿತಿದ್ದ ಇಥಿಯೋಪಿಯದವನಿಗೆ ಫಿಲಿಪ್ಪನು ಜ್ಞಾನಸ್ನಾನ ಕೊಟ್ಟನು. ಆ ಅಧಿಕಾರಿಯ ಹೆಸರು ಪ್ರೇಷಿತರ ಕಾರ್ಯಕಲಾಪಗಳಲ್ಲಿ ದಾಖಲಾಗಿಲ್ಲ. ಅದರಿಂದ ಅವನ ಜ್ಞಾನಸ್ನಾನಕ್ಕೆ ಯಾವ ಕೊರತೆಯೂ ಆಗಲಿಲ್ಲ.

ದಫ್ತರದ ಅಂಚಿನಲ್ಲಿ

ಇಷ್ಟಾದ ಮೇಲೆ ಗುರುಗಳಲ್ಲಿ ಉಳಿಯುವುದು ದಫ್ತರದ ಪ್ರಶ್ನೆ. ನಡೆದ ಜ್ಞಾನಸ್ನಾನದ ದಾಖಲೆಯನ್ನು ಅಳಿಸಲಾಗದು. ಅದು ಒಮ್ಮೆ ಮಾತ್ರ ಸಲ್ಲುವ, ಅಳಿಯದ ಮುದ್ರೆಯೊತ್ತುವ ಸಂಸ್ಕಾರ. ವಿವಾಹ ಮತ್ತು ಗುರುದೀಕ್ಷೆಯ ವಿಷಯದಲ್ಲಿ ಮೂಲ ನಮೂದು ಬೇಕೇ ಬೇಕು. ಇದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ದಫ್ತರಕ್ಕೆ ಅಂಚೊಂದಿದೆ. ಧರ್ಮಸಭೆಯ ಶಾಸನಸಂಹಿತೆಯ 535ನೆಯ ಶಾಸನವು ದೃಢೀಕರಣ, ವಿವಾಹ, ದತ್ತು, ಗುರುದೀಕ್ಷೆ ಮುಂತಾದವನ್ನು ಜ್ಞಾನಸ್ನಾನದ ದಫ್ತರದಲ್ಲಿ ನಮೂದಿಸಲು ಹೇಳುತ್ತದೆ. ದಫ್ತರಗಳು ಹೊರಗಿನವರ ಕೈಗೆ ಸಿಗದಂತೆ ಕಾಯಬೇಕೆಂದೂ ಆಜ್ಞಾಪಿಸುತ್ತದೆ. 877ನೆಯ ಶಾಸನವು ದತ್ತುಮಕ್ಕಳ ವಿಷಯದಲ್ಲಿ ನಾಗರಿಕ ದಾಖಲೆಯ ಕ್ರಮವನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ. ಮೂಲವನ್ನು ಉಳಿಸಿಕೊಂಡೇ ಬದುಕಿನ ಬದಲಾವಣೆಯನ್ನು ಪಕ್ಕದಲ್ಲಿ ಬರೆಯುವ ವಿವೇಕ ಧರ್ಮಸಭೆಗೆ ಹೊಸದಲ್ಲ. ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ನಾಗರಿಕ ಹೆಸರಿನ ಬದಲಾವಣೆಯನ್ನು ಅಂಚಿನಲ್ಲಿ ನಮೂದಿಸಿದರೆ ಯಾವ ಸಿದ್ಧಾಂತಕ್ಕೂ ಭಂಗ ಬರುವುದಿಲ್ಲ. ವಿವಾಹಾದಿಗಳಿಗೆ ಬೇಕಾದ ಪೂರ್ಣ ಪ್ರತಿ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಗೋಪ್ಯವಾಗಿ ಹೋಗಲಿ. ವ್ಯಕ್ತಿಯ ಕೈಗೆ ಕೊಡುವ ಪತ್ರ ಬೇರೆಯದೇ ಇರಲಿ.

ಅಂಥ ಪತ್ರವನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕನ್ನಡ ನಾಡಿನ ಹಳೆಯ ಧರ್ಮಕೇಂದ್ರಗಳಲ್ಲಿ ಸೇವೆ ಮಾಡಿದ ಯಾವ ಗುರುವಿಗೂ ಅದು ಗೊತ್ತು. ದಫ್ತರದಲ್ಲಿ ಪೇತ್ರುಸ್, ಮನೆಯಲ್ಲಿ ರಾಯಪ್ಪ, ಮತದಾರರ ಚೀಟಿಯಲ್ಲಿ ಪೀಟರ್. ದಫ್ತರದಲ್ಲಿ ಇಗ್ನಾಸಿಯುಸ್, ಶಾಲೆಯಲ್ಲಿ ಇನ್ನಾಸಪ್ಪ. ಪಿಂಚಣಿಗಾಗಿ, ಜಮೀನಿನ ಖಾತೆಗಾಗಿ ಬಂದ ಇಂಥವರಿಗೆಲ್ಲ, ಈ ಎರಡು ಹೆಸರುಗಳು ಒಬ್ಬರೇ ವ್ಯಕ್ತಿಯವು ಎಂದು ಬರೆದು, ಸಹಿ ಹಾಕಿ, ಧರ್ಮಕೇಂದ್ರದ ಮುದ್ರೆ ಒತ್ತಿ ಕೊಟ್ಟಿದ್ದೇವೆ. ಆಗ ನಮ್ಮ ಕೈ ನಡುಗಲಿಲ್ಲ. ಏಕೆಂದರೆ ಹೆಸರಿನ ಹಿಂದಿರುವ ಮನುಷ್ಯರನ್ನು ನಾವು ಬಲ್ಲೆವು ಎಂಬ ಧೈರ್ಯ ನಮಗಿತ್ತು.

ಟ್ರಾನ್ಸ್‌ಜೆಂಡರ್ ವ್ಯಕ್ತಿ ನಮ್ಮಿಂದ ಕೇಳುವುದೂ ಇದನ್ನೇ. ದೇಹದ ಕುರಿತ ಬೋಧನೆಗೆ ನಾವು ತಿದ್ದುಪಡಿ ಮಾಡಬೇಕೆಂದು ಅವರು ಕೇಳುತ್ತಿಲ್ಲ. ನೀವು ಜ್ಞಾನಸ್ನಾನ ಕೊಟ್ಟ ಮಗು ನಾನೇ ಎಂದು ಹೇಳಿ ಎನ್ನುತ್ತಿದ್ದಾರೆ. ಹಾಗೆ ಹೇಳಲು ನಾವು ಹಿಂಜರಿದಾಗ ಕಾಪಾಡಿದ್ದು ಸಿದ್ಧಾಂತವನ್ನಲ್ಲ. ಅಳಿಯದ ಮುದ್ರೆ ಅಳಿದುಹೋಗಿದೆ ಎಂಬಂತೆ ನಡೆದುಕೊಂಡೆವು. ನಮ್ಮದೇ ಸಂಸ್ಕಾರ ದೈವಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ವಿರೋಧವಿಲ್ಲ.

ನಾಳೆ ಧರ್ಮಕೇಂದ್ರಗಳಿಗೆ ಹೋಗಲಿರುವ ಗುರುಮಠದ ತರುಣರಲ್ಲಿ ನಮ್ಮ ವಿನಂತಿ ಇಷ್ಟೇ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಸಂತ ಯೊವಾನ್ನರು ಬರೆದಿದ್ದಾರೆ. ಪುನರುತ್ಥಾನದ ಬೆಳಗಿನಲ್ಲಿ ಮಗ್ದಲದ ಮರಿಯಳು ಪ್ರಭುವನ್ನು ಗುರುತಿಸಿದ್ದು ತನ್ನ ಹೆಸರು ಕೇಳಿದಾಗ. ಕುರಿ ಗುರುತಿಸಿ ತಿರುಗಿ ನೋಡದ ಹೆಸರಿನಿಂದ ಕರೆಯುವ ಕುರುಬನ ಹಿಂದೆ ಯಾವ ಕುರಿಯೂ ಹೋಗದು.

ಅಂದು ನಮ್ಮ ಕಚೇರಿಯಿಂದ ಹೊರಟುಹೋದವರಿಗೆ ಈ ಉತ್ತರ ತಲುಪುತ್ತದೋ ಇಲ್ಲವೋ. ಆದರೂ ಹೇಳಬೇಕು: ಪೂಜೆಯಲ್ಲಿ ತಾವು ಬಾಳಿದ ಹೆಸರನ್ನೇ ಹೇಳುತ್ತೇವೆ. ದಫ್ತರದಲ್ಲಿರುವುದೂ ತಾವೇ ಎಂಬುದು ದೇವರಿಗೆ ಗೊತ್ತಿದೆ, ನಮಗೂ ಗೊತ್ತಿದೆ.