ಆಪಾದಿತನ ಭಾಷೆ

ಒಡೆಯನು ಒಲಿದರೆ ಕೆಲಸ ಉಳಿಯಿತು, ಮುನಿದರೆ ಹೋಯಿತು ಎಂಬ ದುಃಸ್ಥಿತಿಯಿಂದ ಕಾರ್ಖಾನೆಯ ಶ್ರಮಿಕನನ್ನು ಸ್ವಲ್ಪಮಟ್ಟಿಗಾದರೂ ಪಾರುಗಾಣಿಸಿದ ಶಾಸನಗಳಲ್ಲಿ, 1946ರ ಕೈಗಾರಿಕಾ ನೌಕರಿಯ ಸ್ಥಾಯಿ ಆದೇಶಗಳ ಕಾಯಿದೆಗೆ ಅಗ್ರಸ್ಥಾನ ಸಲ್ಲಬೇಕೆಂಬುದು ನನ್ನ ಎಣಿಕೆ. ಯಾವುದು ದುರ್ನಡತೆ, ಅದಕ್ಕೆ ಶಿಕ್ಷೆ ಏನು, ಶಿಕ್ಷೆಗೆ ಮುನ್ನ ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನೆಲ್ಲ ಮಾಲೀಕನು ಮೊದಲೇ ಬರೆದು, ಅಧಿಕಾರಿಯ ಮುಂದಿಟ್ಟು, ಕಾರ್ಮಿಕರ ಆಕ್ಷೇಪಣೆಗಳಿಗೆ ಅವಕಾಶವಿತ್ತು ದೃಢೀಕರಿಸಿಕೊಳ್ಳಬೇಕೆಂದು ಅದು ವಿಧಿಸಿತು. ಆಪಾದನೆಯು ಲಿಖಿತವಾಗಿರಬೇಕು, ಆಪಾದಿತನ ಸಮಜಾಯಿಷಿಯನ್ನು ಕೇಳಬೇಕು, ದಂಡನೆಯನ್ನು ನಿಶ್ಚಯಿಸುವಾಗ ತಪ್ಪಿನ ಗುರುತ್ವವನ್ನಲ್ಲದೆ ಅವನ ಹಿಂದಿನ ಸೇವೆಯನ್ನೂ ತಪ್ಪನ್ನು ಹಗುರಗೊಳಿಸುವ ಪರಿಸ್ಥಿತಿಯನ್ನೂ ಗಣನೆಗೆ ತರಬೇಕು ಎಂಬ ಮಾದರಿ ಆದೇಶಗಳ ವಾಕ್ಯಗಳನ್ನು ಓದಿದಾಗ, ಬರೆದವರು ಅಧಿಕಾರವನ್ನು ಬಲ್ಲವರೆಂದೂ ಅದನ್ನು ಅಷ್ಟಾಗಿ ನಂಬದವರೆಂದೂ ತೋರುತ್ತದೆ.

ಆದರೆ ವಿಧಿಯನ್ನು ಅಕ್ಷರಶಃ ಪಾಲಿಸಿಯೂ ಅದರ ಪ್ರಾಣವನ್ನು ತೆಗೆದುಹಾಕುವ ಕಲೆಯು ನಮ್ಮ ಕಚೇರಿಗಳಲ್ಲಿ ಬಹುಕಾಲದಿಂದ ಪಳಗಿಬಂದಿದೆ. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಮೀಂಗ್ಲಾಸ್ ಚಹಾ ತೋಟದ ಪ್ರಕರಣದಲ್ಲಿ ವಿಚಾರಣೆ ನಡೆದುದೇನೋ ನಿಜ. ಆದರೆ ಸಾಕ್ಷಿಗಳನ್ನು ಕಾರ್ಮಿಕರೆದುರು ನಿಲ್ಲಿಸದೆ, ಕಾರ್ಮಿಕರನ್ನೇ ಒಬ್ಬೊಬ್ಬರಾಗಿ ಕರೆದು ಪ್ರಶ್ನಿಸಿ ಮುಗಿಸಿದುದೇ ಆ ವಿಚಾರಣೆ. ಇದಕ್ಕಿಂತಲೂ ಮನಕಲಕುವಂಥದು ಕೋಲಾರದ ಭಾರತ್ ಗೋಲ್ಡ್ ಮೈನ್ಸಿನ ವೃತ್ತಾಂತ. 1985ರ ಜೂನಿನಲ್ಲಿ ಅಲ್ಲಿಯ ಭದ್ರತಾಧಿಕಾರಿಯೊಬ್ಬರ ಮನೆಯನ್ನು ಪೊಲೀಸರು ಶೋಧಿಸಿ, ಚಿನ್ನದ ಉಂಡೆಯೊಂದೂ ಚಿನ್ನ ಬೆರೆತ ಮರಳೂ ದೊರೆತುವೆಂದರು. ಅಧಿಕಾರಿ ಅಮಾನತುಗೊಂಡರು. ಕ್ರಿಮಿನಲ್ ಮೊಕದ್ದಮೆಯೂ ಇಲಾಖಾ ವಿಚಾರಣೆಯೂ ಒಂದೇ ಶೋಧವನ್ನು ಆಧರಿಸಿ ಒಟ್ಟಿಗೆ ಹೊರಟುವು. ಅಮಾನತಿನ ಅವಧಿಯಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಕೇರಳದ ತಮ್ಮ ಊರಿನಲ್ಲಿದ್ದ ಆ ವ್ಯಕ್ತಿ, ಗಣಿಯವರೆಗೆ ಬರಲು ಕೈಯಲ್ಲಿ ಹಣವಿಲ್ಲವೆಂದು ಬರೆದುಕೊಂಡರೂ, ವಿಚಾರಣೆಯು ಅವರ ಗೈರುಹಾಜರಿಯಲ್ಲಿಯೇ ಸಾಗಿ, 1986ರಲ್ಲಿ ಅವರನ್ನು ವಜಾಮಾಡಲಾಯಿತು. ಮರುವರ್ಷ ಕ್ರಿಮಿನಲ್ ನ್ಯಾಯಾಲಯವು ಶೋಧವೇ ರುಜುವಾತಾಗಲಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಸರ್ವೋಚ್ಚ ನ್ಯಾಯಾಲಯವು ವಜಾ ಆದೇಶವನ್ನು ರದ್ದುಪಡಿಸಿದ್ದು 1999ರ ಮಾರ್ಚಿನಲ್ಲಿ. ನೋಟಿಸು, ದಿನಾಂಕ, ವಿಚಾರಣಾಧಿಕಾರಿ, ವರದಿ, ಎಲ್ಲವೂ ಇದ್ದ ಆ ಕಡತದಲ್ಲಿ ಇಲ್ಲದ್ದು ಆಪಾದಿತನ ಬಸ್ಸಿನ ಖರ್ಚು ಮಾತ್ರ!

ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನ ಪ್ರಕರಣದಲ್ಲಿ 1993ರಲ್ಲಿ, ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆಗೆ ಮುನ್ನವೇ ನೌಕರನಿಗೆ ಕೊಡತಕ್ಕದ್ದೆಂದು ಅದೇ ನ್ಯಾಯಾಲಯವು ವಿಧಿಸಿತು. ಪ್ರತಿಯನ್ನು ಕೊಡುವುದು ಸರಿಯೇ; ಕೊಟ್ಟ ಪ್ರತಿಯನ್ನು ಅವನು ಓದಬಲ್ಲನೇ ಎಂಬ ಪ್ರಶ್ನೆಯನ್ನು ಆಂಧ್ರದ ಆದವಾನಿ ಸೀಮೆಯ ಮಾಧವರಂ ಕಡೆಯ ಕನ್ನಡಿಗನೊಬ್ಬನು ಕೇಳಿದರೆ ಉತ್ತರ ಸುಲಭವಲ್ಲ.

ಮಾಧವರಂ ಮೊದಲಾದ ಆದವಾನಿ ಸೀಮೆಯ ಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದುವು. ಅಲ್ಲಿಯ ಕನ್ನಡವು ಮನೆಯೊಳಗೂ ಹೊಲದಲ್ಲಿಯೂ ಹಾಗೆಯೇ ಉಳಿಯಿತು. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದವಾನಿಯ ಜಿನ್ನಿಂಗ್ ಮಿಲ್ಲಿಗೆ ಅಂಥ ಹಳ್ಳಿಯ ಕೂಲಿಯೊಬ್ಬನು ಹೋದನೆಂದು ಭಾವಿಸೋಣ. ಅವನಿಗೆ ಆಪಾದನೆಯ ಮೆಮೊ ಬರುವುದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ. ಗುಮಾಸ್ತನು ಬೆರಳು ತೋರಿಸಿದ ಜಾಗದಲ್ಲಿ ಅವನು ರುಜು ಮಾಡುತ್ತಾನೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾನೆ. ತಾನು ಒಪ್ಪಿಕೊಂಡದ್ದು ಕಾಗದ ತಲುಪಿದುದನ್ನೋ ಕಾಗದದಲ್ಲಿರುವ ತಪ್ಪನ್ನೋ ಎಂಬುದು ಅವನಿಗೆ ತಿಳಿಯುವುದು ವಿಚಾರಣೆಯ ದಿನವೇ. ಆಡುಮಾತಿನ ತೆಲುಗು ಅವನಿಗೆ ಬರುತ್ತದೆಯಲ್ಲ ಎನ್ನುವವರುಂಟು. ಸಂತೆಯಲ್ಲಿ ಚೌಕಾಸಿ ಮಾಡಲು ಸಾಕಾಗುವ ಭಾಷೆಯು ಅನ್ನದ ದಾರಿಯನ್ನು ಉಳಿಸಿಕೊಳ್ಳುವ ವಾದಕ್ಕೂ ಸಾಕೆಂಬುದು, ತಾವೆಂದೂ ಪರಭಾಷೆಯಲ್ಲಿ ಆಪಾದಿತರಾಗಿ ನಿಲ್ಲದವರ ತರ್ಕ.

ಶಾಸನಕ್ಕೆ ಭಾಷೆಯ ಅರಿವೇ ಇರಲಿಲ್ಲವೆನ್ನಲಾಗದು. ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಕಾರ್ಖಾನೆಯ ಬಾಗಿಲ ಬಳಿ ಫಲಕದಲ್ಲಿ ಹಾಕತಕ್ಕದ್ದೆಂದು 1946ರ ಕಾಯಿದೆಯ 9ನೆಯ ಪ್ರಕರಣವು ಹೇಳಿತು. ಅಂದಿನ ಮಟ್ಟಿಗೆ ಅದು ಉದಾರವಾದ ಮಾತು. ಆದರೆ ಶಿಸ್ತುಕ್ರಮಕ್ಕೆ ಗುರಿಯಾಗುವವನು ಬಹುಸಂಖ್ಯೆಯಲ್ಲ, ಒಬ್ಬನೇ ಮನುಷ್ಯ. ಆಪಾದನೆಯು ಅವನೊಬ್ಬನ ಮೇಲಿನದು, ಉತ್ತರವೂ ಅವನೊಬ್ಬನದೇ. ಕಾಯಿದೆಯ ದೊಡ್ಡ ಕೊರತೆಯನ್ನು ನಾನು ಕಾಣುವುದು ಇಲ್ಲಿಯೇ. ಸಂವಿಧಾನದ 350ನೆಯ ಅನುಚ್ಛೇದವು ಇದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿದೆ: ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬನಿಗೂ ಕೊಟ್ಟಿದೆ. ಮಾಧವರಂನವನು ಕರ್ನೂಲಿನ ಕಲೆಕ್ಟರರಿಗೆ ಕನ್ನಡದಲ್ಲಿ ಬರೆಯಬಹುದು. ಖಾಸಗಿ ಮಿಲ್ಲಿನ ಮ್ಯಾನೇಜರನಿಗೆ ಬರೆಯುವಾಗ ಈ ಅನುಚ್ಛೇದವು ಅವನ ಬೆಂಬಲಕ್ಕೆ ಬಾರದು.

ಇನ್ನು ಶಾಸನದ ವ್ಯಾಪ್ತಿ. ಕಾರ್ಮಿಕ ಕಾಯಿದೆ ನಮಗೆ ತಗಲುವುದಿಲ್ಲ ಎಂಬುದು ಮಾಲೀಕರ ಹಳೆಯ ಪ್ರತಿವಾದ. ಸಹಜ ನ್ಯಾಯವಿಲ್ಲದೆ ತಮಗೆ ಜುಲ್ಮಾನೆ ಹಾಕಿದರೆಂದು ಬೆಂಗಳೂರು ನೀರು ಸರಬರಾಜು ಮಂಡಲಿಯ ಕೆಲವು ನೌಕರರು ದೂರಿದಾಗ, ತಾನು ಕೈಗಾರಿಕೆಯೇ ಅಲ್ಲವೆಂದು ಮಂಡಲಿಯು ವಾದಿಸಿ, ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು 1978ರಲ್ಲಿ ಆ ವಾದವನ್ನು ತಳ್ಳಿಹಾಕುವವರೆಗೂ ವ್ಯಾಜ್ಯ ಬೆಳೆಯಿತು. ಜುಲ್ಮಾನೆಯ ನ್ಯಾಯಾನ್ಯಾಯವು ಅಷ್ಟರಲ್ಲಿ ಯಾರಿಗೆ ನೆನಪಿದ್ದಿತೋ! ಈಗ ಆ ಪ್ರತಿವಾದಕ್ಕೆ ಸಂಖ್ಯೆಯ ಬಲವೂ ಒದಗಿದೆ. ಹಳೆಯ ಕಾಯಿದೆಯು 100 ಮಂದಿ ಕೆಲಸಗಾರರಿದ್ದೆಡೆಗೆ ಅನ್ವಯಿಸುತ್ತಿದ್ದರೆ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಸ್ಥಾಯಿ ಆದೇಶಗಳ ಮಿತಿಯನ್ನು 300ಕ್ಕೆ ಏರಿಸಿತು. ಹತ್ತಿಯ ಸುಗ್ಗಿಗೆ ತುಂಬಿ ಸುಗ್ಗಿ ಕಳೆದೊಡನೆ ಬರಿದಾಗುವ, ಮೇಸ್ತ್ರಿಯ ಕೈಕೆಳಗಿನ ಕೂಲಿಗಳಿಂದಲೇ ನಡೆಯುವ ಮಿಲ್ಲಿನಲ್ಲಿ ಅಷ್ಟು ಹೆಸರುಗಳು ಹಾಜರಿ ಪುಸ್ತಕಕ್ಕೆ ಏರುವುದೆಂದರೆ ಅಪೂರ್ವ. ಮೂಟೆ ಹೊರುವ ಹಮಾಲನಂತೂ ಯಾರ ನೌಕರನೆಂಬುದೇ ಇತ್ಯರ್ಥವಾಗದ ಸಂಗತಿ.

ಅದೇ ಸಂಹಿತೆಯ ಇನ್ನೊಂದು ವಿಧಿಯು ಇದಕ್ಕಿಂತ ಆಶಾದಾಯಕವಾಗಿದೆ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಮಾಲೀಕನ ಪಕ್ಷದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕು, ಅಧ್ಯಕ್ಷತೆಯು ಇಬ್ಬರ ನಡುವೆ ಸರದಿಯಾಗಿ ತಿರುಗಬೇಕು, ದೂರು 30 ದಿನಗಳೊಳಗೆ ಮುಗಿಯಬೇಕು. ಸ್ತ್ರೀಯರಿಗೆ ತಕ್ಕ ಪ್ರಾತಿನಿಧ್ಯವಿರಬೇಕೆಂದೂ ವಿಧಿ ಹೇಳುತ್ತದೆ, ಅದು ಯುಕ್ತವೇ. ಭಾಷೆಯ ವಿಚಾರದಲ್ಲಿ ಮಾತ್ರ ಅದು ಮೌನ. ಆದರೆ ವಿಧಿಯು ಹೇಳದ್ದನ್ನು ಮಾಡಬಾರದೆಂಬ ನಿಷೇಧವೇನೂ ಇಲ್ಲವಾದುದರಿಂದ, ಮಾಧವರಂ, ಕೌತಾಳಂ, ಹೊಳಗುಂದಗಳ ಕಡೆಯವರು ದುಡಿಯುವ ಮಿಲ್ಲಿನ ಸಮಿತಿಯಲ್ಲಿ ಕನ್ನಡ ಬಲ್ಲ ಕಾರ್ಮಿಕನೊಬ್ಬನನ್ನು ಕೂರಿಸುವುದಕ್ಕೂ, ಮೆಮೊಗೆ ರುಜು ಹಾಕಿಸುವ ಮುನ್ನ ಅದನ್ನು ಆಪಾದಿತನ ಮಾತಿನಲ್ಲಿ ಓದಿಹೇಳಿ, ಓದಿಹೇಳಿದವನ ಹೆಸರನ್ನು ಕಡತದಲ್ಲಿ ನಮೂದಿಸುವುದಕ್ಕೂ ಮಾಲೀಕನು ಹೊಸ ಕಾಯಿದೆಗಾಗಿ ಕಾಯಬೇಕಾಗಿಲ್ಲ.